ಮಾತು ತಡವಾದ ಮಗುವಿಗೆ ಯಾವ ಥೆರಪಿ? ಕ್ಲಿನಿಕ್, ಆನ್‌ಲೈನ್, ಪ್ಲೇಸ್ಕೂಲ್, ಮನೆ – ತೂಗಿ ನೋಡುವುದು ಹೇಗೆ

ಮಗುವಿಗೆ ಎರಡು ವರ್ಷ ದಾಟಿದೆ. ಹೇಳಿದ್ದು ಅರ್ಥವಾಗುತ್ತದೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತದೆ, ಆದರೆ ಬಾಯಿಂದ ಬರುವ ಪದ ನಾಲ್ಕೋ ಐದೋ. ಆಗ ಅಪ್ಪ-ಅಮ್ಮನಿಗೆ ಸಲಹೆಗೇನೂ ಬರವಿರುವುದಿಲ್ಲ. ‘ಗಂಡುಮಕ್ಕಳು ಮಾತಾಡುವುದು ತಡವೇ, ಕಾಯಿರಿ’ ಎನ್ನುವವರು ಒಂದು ಕಡೆ. ‘ನಾಳೆಯೇ ಸ್ಪೀಚ್ ಥೆರಪಿಗೆ ಹಾಕಿ’ ಎನ್ನುವವರು ಇನ್ನೊಂದು ಕಡೆ. ಥೆರಪಿ ಕೊಡಿಸೋಣ ಎಂದು ಗಟ್ಟಿ ಮನಸ್ಸು ಮಾಡಿದ ಮೇಲೂ ಗೊಂದಲ ಮುಗಿಯುವುದಿಲ್ಲ. ವಾರಕ್ಕೆ ಮೂರು ದಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಬೇಕಾ? ಆನ್‌ಲೈನ್ ಸಾಕಾ? ಎಲ್ಲವೂ ಒಂದೇ ಕಡೆ ಸಿಗುವ ದೊಡ್ಡ ಸೆಂಟರ್ ಒಳ್ಳೆಯದಾ? ಪ್ಲೇಸ್ಕೂಲಿಗೆ ಸೇರಿಸಿದರೆ ಮಾತು ತಾನಾಗಿ ಬರುತ್ತದಾ?

ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ಸೆಷನ್ ಜಾಸ್ತಿ ಇದ್ದ ಮಾತ್ರಕ್ಕೆ ಥೆರಪಿ ಒಳ್ಳೆಯದಾಗುವುದಿಲ್ಲ. ಸೆಷನ್ ಮುಗಿಸಿ ಹೊರಗೆ ಬರುವಾಗ ‘ಈ ವಾರ ಮನೆಯಲ್ಲಿ ಇದನ್ನು ಹೀಗೆ ಮಾಡಬೇಕು’ ಎಂದು ನಿಮಗೆ ಸ್ಪಷ್ಟವಾಗಿದ್ದರೆ ಅದು ಒಳ್ಳೆಯ ಥೆರಪಿ. ಥೆರಪಿಸ್ಟ್ ಜೊತೆ ವಾರಕ್ಕೆ ಒಂದೆರಡು ಗಂಟೆ ಇರುವ ಮಗು, ಉಳಿದ ಹೊತ್ತೆಲ್ಲ ಮನೆಯವರ ಜೊತೆಗೇ ಇರುತ್ತದೆ. ಮುಂದೆ ಬರುವ ಆಯ್ಕೆಗಳನ್ನೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ತೂಗಿದ್ದೇನೆ.

ಆಯ್ಕೆ ಯಾವುದಾದರೂ ಮೊದಲು ಕಿವಿ ಪರೀಕ್ಷೆ

‘ಕರೆದರೆ ತಿರುಗಿ ನೋಡ್ತಾನೆ, ಕಿವಿ ಸರಿ ಇದೆ’ ಎಂದುಕೊಂಡು ತಿಂಗಳುಗಟ್ಟಲೆ ಕಳೆಯಬೇಡಿ. ಬಾಗಿಲು ಬಡಿದ ಸದ್ದಿಗೆ ತಿರುಗುವ ಮಗುವಿಗೂ ‘ಸ’, ‘ಶ’ದಂಥ ಮೆಲುದನಿಗಳು ಕೇಳಿಸದೇ ಇರಬಹುದು. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿಪೊರೆಯ ಹಿಂದೆ ನೀರು ನಿಲ್ಲುವುದು ಸಾಮಾನ್ಯ. ಎಷ್ಟೋ ಸಲ ನೋವೂ ಇರುವುದಿಲ್ಲ, ಜ್ವರವೂ ಇರುವುದಿಲ್ಲ. ಮಗುವಿಗೆ ಮಾತು ಮಂಕಾಗಿ ಕೇಳಿಸುತ್ತಿರುತ್ತದೆ ಅಷ್ಟೇ. ಒಂದು ವಾರ ಜಾಸ್ತಿ, ಇನ್ನೊಂದು ವಾರ ಕಡಿಮೆ ಇರುವುದರಿಂದ ಮನೆಯವರ ಗಮನಕ್ಕೂ ಬರುವುದಿಲ್ಲ. ಹುಟ್ಟಿದಾಗ ಮಾಡಿದ ಪರೀಕ್ಷೆ ಸರಿಯಾಗಿದ್ದರೂ ಆಮೇಲೆ ತೊಂದರೆ ಶುರುವಾಗಬಹುದು.

ಈ ಪರೀಕ್ಷೆಗಳಲ್ಲಿ ಚುಚ್ಚುವುದು, ಕೊಯ್ಯುವುದು ಇಲ್ಲ. ಒಎಇ ಪರೀಕ್ಷೆಯಲ್ಲಿ ಮೆತ್ತನೆಯ ಪುಟ್ಟ ತುದಿಯೊಂದನ್ನು ಕಿವಿಗೆ ಇಟ್ಟು ಸಣ್ಣ ಸದ್ದು ಕೊಡುತ್ತಾರೆ. ಒಳಕಿವಿ ತಿರುಗಿ ಕೊಡುವ ಸೂಕ್ಷ್ಮ ಸದ್ದನ್ನು ಯಂತ್ರ ಹಿಡಿಯುತ್ತದೆ. ಕೆಲವೇ ನಿಮಿಷದ ಕೆಲಸ. ಬೇರಾ (BERA) ಎಂಬ ಇನ್ನೊಂದು ಪರೀಕ್ಷೆಗೆ ಪುಟ್ಟ ಮಗು ಸಾಮಾನ್ಯವಾಗಿ ನಿದ್ದೆಯಲ್ಲಿರಬೇಕು. ಹಣೆಗೂ ಕಿವಿಯ ಹಿಂದೆಯೂ ಎಲೆಕ್ಟ್ರೋಡ್ ಅಂಟಿಸಿ, ಸದ್ದು ನರದ ಮೂಲಕ ಮಿದುಳಿನ ಕಡೆಗೆ ಸಾಗುತ್ತಿದೆಯಾ ಎಂದು ನೋಡುತ್ತಾರೆ. ಕಿವಿಪೊರೆಯ ಹಿಂದೆ ನೀರಿದೆಯಾ ಎಂದು ನೋಡಲು ಟಿಂಪನೋಮೆಟ್ರಿ ಇದೆ. ಕಿವಿ ಪರೀಕ್ಷೆಯ ವಿಷಯವನ್ನೇ ಎತ್ತದೆ ನೇರವಾಗಿ ಥೆರಪಿ ಪ್ಯಾಕೇಜ್ ಹೇಳುವ ಜಾಗವನ್ನು ನಾನಾದರೆ ಅಲ್ಲೇ ಕೈಬಿಡುತ್ತೇನೆ.

ಏನನ್ನು ನೋಡಿ ಆರಿಸಬೇಕು

ತೊಂದರೆ ಯಾವ ಬಗೆಯದು ಎನ್ನುವುದು ಎಲ್ಲಕ್ಕಿಂತ ಮುಖ್ಯ. ‘ಮಾತು ಬರುತ್ತಿಲ್ಲ’ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಒಂದು ಮಗುವಿಗೆ ಪದಗಳೇ ಕಡಿಮೆ. ಇನ್ನೊಂದಕ್ಕೆ ಪದ ಬೇಕಾದಷ್ಟಿವೆ, ಆದರೆ ‘ಕಾಲು’ ಹೋಗಿ ‘ತಾಲು’ ಆಗುತ್ತದೆ, ಮನೆಯವರಿಗೆ ಮಾತ್ರ ಅರ್ಥ. ಮತ್ತೊಂದು ‘ನ-ನ-ನನಗೆ’ ಎಂದು ಉಗ್ಗುತ್ತದೆ. ಇನ್ನೊಂದಕ್ಕೆ ನಾವು ಹೇಳಿದ್ದೇ ಪೂರ್ತಿ ತಿಳಿಯುವುದಿಲ್ಲ. ಮುಖ ನೋಡುವುದು, ಬೆರಳು ಮಾಡಿ ತೋರಿಸುವುದು, ಇನ್ನೊಬ್ಬರ ಜೊತೆ ಆಟಕ್ಕೆ ಸೇರುವುದೇ ಕಡಿಮೆ ಇರುವ ಮಕ್ಕಳೂ ಇದ್ದಾರೆ. ಇವರೆಲ್ಲರಿಗೂ ಒಂದೇ ಥೆರಪಿ ನಡೆಯುವುದಿಲ್ಲ. ಹಾಗಾಗಿ ಬೇರೆ ಯಾವುದರಲ್ಲಿ ದುಡ್ಡು ಉಳಿಸಿದರೂ ಮೊದಲ ಅಸೆಸ್‌ಮೆಂಟಿನಲ್ಲಿ, ಅಂದರೆ ತೊಂದರೆ ಏನೆಂದು ಪರೀಕ್ಷಿಸಿ ನೋಡುವುದರಲ್ಲಿ, ಉಳಿಸಬೇಡಿ. ವರದಿಯನ್ನು ಬರಹದಲ್ಲೇ ಪಡೆಯಿರಿ.

ಆಮೇಲೆ ವಯಸ್ಸು. ಒಂದು ವರ್ಷದ ಹೊತ್ತಿಗೆ ‘ಬಬಬ’, ‘ದದದ’ ಎಂಬ ದನಿಗಳು, ಕೈಸನ್ನೆಗಳು ಬಂದಿರಬೇಕು. 16 ತಿಂಗಳಾದರೂ ಒಂದೂ ಪದ ಇಲ್ಲ, 24 ತಿಂಗಳಾದರೂ ‘ಅಪ್ಪ ಬಾ’ ಎಂಬಂತೆ ಎರಡು ಪದ ಸೇರಿಸುತ್ತಿಲ್ಲ, ಒಟ್ಟು ಪದಗಳು 50 ಕೂಡ ಮುಟ್ಟಿಲ್ಲ ಎಂದರೆ ತೋರಿಸಬೇಕು. ಮೂರು ವರ್ಷಕ್ಕೆ ಮಗುವಿನ ಮಾತಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಭಾಗ ಹೊರಗಿನವರಿಗೂ ತಿಳಿಯಬೇಕು. ಇನ್ನು, ಬರುತ್ತಿದ್ದ ಪದಗಳು ನಿಂತುಹೋದರೆ, ಅದು ಯಾವ ವಯಸ್ಸಿನಲ್ಲೇ ಆಗಲಿ, ಒಂದು ದಿನವೂ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ.

ಮನೆಯ ಸ್ಥಿತಿಯನ್ನೂ ಪ್ರಾಮಾಣಿಕವಾಗಿ ಲೆಕ್ಕ ಹಾಕಿ. ಹಗಲು ಮಗುವಿನ ಜೊತೆ ಇರುವವರು ಯಾರು? ಅಜ್ಜಿಯೋ, ಅಪ್ಪನೋ, ನೋಡಿಕೊಳ್ಳುವವರೋ? ಕಲಿಯಬೇಕಾದವರು ಅವರೇ. ದಿನಕ್ಕೆ ಹತ್ತು-ಹದಿನೈದು ನಿಮಿಷ ಬೇರೆ ಯಾವ ಕೆಲಸವೂ ಇಲ್ಲದೆ ಮಗುವಿನ ಜೊತೆ ಕೂರುವವರು ಇದ್ದಾರಾ? ಥೆರಪಿಸ್ಟಿಗೆ ಮಗುವಿನ ಮನೆಮಾತು ಬರುತ್ತದಾ? ಈ ಖರ್ಚು, ಈ ಓಡಾಟ ಆರು ತಿಂಗಳು ತಡೆಯುತ್ತದಾ? ಎರಡು ತಿಂಗಳು ವಾರಕ್ಕೆ ಐದು ದಿನ ಓಡಾಡಿ, ಕೈ ಖಾಲಿಯಾಗಿ ನಿಲ್ಲಿಸುವುದಕ್ಕಿಂತ ವಾರಕ್ಕೊಮ್ಮೆ ಬಿಡದೆ ನಡೆಯುವುದು ಎಷ್ಟೋ ಮೇಲು.

ಇನ್ನೂ ಸ್ವಲ್ಪ ಕಾಯೋಣವಾ?

ಕಾಯುವುದೂ ಒಂದು ಆಯ್ಕೆಯೇ. ತಳ್ಳಿಹಾಕುವಂಥದ್ದಲ್ಲ. ಎರಡು ವರ್ಷಕ್ಕೆ ಮಾತು ತಡವಾಗಿರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಾಲೆಗೆ ಹೋಗುವ ಹೊತ್ತಿಗೆ ಉಳಿದವರನ್ನು ಹಿಡಿಯುತ್ತಾರೆ. ಕಷ್ಟ ಇರುವುದು ಇನ್ನೊಂದು ಕಡೆ. ನಿಮ್ಮ ಮಗು ಯಾವ ಗುಂಪಿಗೆ ಸೇರಿದ್ದು ಎಂದು ಮೊದಲೇ ಖಚಿತವಾಗಿ ಹೇಳಲು ಯಾರಿಂದಲೂ ಆಗುವುದಿಲ್ಲ. ಸೂಚನೆಗಳಿವೆ ಅಷ್ಟೇ. ಹೇಳಿದ್ದು ಚೆನ್ನಾಗಿ ತಿಳಿಯುತ್ತದೆ, ಕೈಸನ್ನೆ ಧಾರಾಳವಾಗಿ ಮಾಡುತ್ತದೆ, ತಿಂಗಳಿಗೆ ಒಂದಿಷ್ಟು ಹೊಸ ಪದ ಬರುತ್ತಿದೆ, ಕಿವಿ ಸರಿ ಇದೆ, ಮನೆತನದಲ್ಲಿ ಮಾತಿನ ಅಥವಾ ಓದಿನ ತೊಂದರೆ ಇಲ್ಲ ಎಂದಾದರೆ ಎರಡು-ಮೂರು ತಿಂಗಳು ನೋಡಬಹುದು. ಕ್ಯಾಲೆಂಡರಿನಲ್ಲಿ ದಿನ ಗುರುತಿಟ್ಟುಕೊಂಡು ಕಾಯಿರಿ. ಆ ತಿಂಗಳುಗಳಲ್ಲಿ ಬಂದ ಪ್ರತಿ ಪದವನ್ನೂ ಬರೆದಿಡಿ. ಪಟ್ಟಿ ಬೆಳೆಯದಿದ್ದರೆ ಉತ್ತರ ನಿಮ್ಮ ಕೈಯಲ್ಲೇ ಇರುತ್ತದೆ.

ಸರದಿ ಉದ್ದ ಇರುವ ಆಸ್ಪತ್ರೆಯಾದರೆ ಈಗಲೇ ಹೆಸರು ಬರೆಸಿ. ಅಷ್ಟರಲ್ಲಿ ಮಾತು ಬಂದರೆ ಬೇಡ ಎನ್ನುವುದು ಸುಲಭ.

ಮನೆಯವರಿಗೆ ಕಲಿಸುವ ಥೆರಪಿ

ಪದಗಳೇ ಕಡಿಮೆ ಇರುವ, ಮೂರು-ಮೂರೂವರೆ ವರ್ಷದೊಳಗಿನ ಮಗುವಾದರೆ ನಾನು ಮೊದಲು ಹುಡುಕುವುದು ಇದನ್ನು. ಇಲ್ಲಿ ಥೆರಪಿಸ್ಟ್ ಮಗುವಿಗಿಂತ ನಿಮಗೇ ಜಾಸ್ತಿ ಪಾಠ ಮಾಡುತ್ತಾರೆ. ಅನೇಕ ಅಪ್ಪ-ಅಮ್ಮಂದಿರಿಗೆ ಇದು ಮೊದಲು ಸಮಾಧಾನ ಕೊಡುವುದಿಲ್ಲ. ‘ದುಡ್ಡು ಕೊಟ್ಟು ನಾವೇ ಮಾಡಬೇಕಾ’ ಎನಿಸುತ್ತದೆ.

ಹೇಗೆ ನಡೆಯುತ್ತದೆ ನೋಡಿ. ನೀವು ಮಗುವಿನ ಜೊತೆ ಆಡುವುದನ್ನು ಥೆರಪಿಸ್ಟ್ ಐದು ನಿಮಿಷ ವಿಡಿಯೋ ಮಾಡುತ್ತಾರೆ. ಆಮೇಲೆ ಒಟ್ಟಿಗೆ ಕೂತು ನೋಡುತ್ತೀರಿ. ಮಗು ಆಟದ ಗಾಡಿ ತಳ್ಳುತ್ತಿದೆ. ನೀವು ಕೇಳುತ್ತಿದ್ದೀರಿ: ‘ಇದೇನು? ಯಾವ ಬಣ್ಣ? ಗಾಡಿ ಅನ್ನು. ಅನ್ನು ನೋಡೋಣ.’ ಮಗು ತಲೆ ಎತ್ತುವುದಿಲ್ಲ, ಗಾಡಿಯನ್ನು ಇನ್ನೊಂದು ಕಡೆಗೆ ತಿರುಗಿಸಿಕೊಳ್ಳುತ್ತದೆ. ಮುಂದಿನ ಸಲ ಪ್ರಶ್ನೆಗಳನ್ನು ಬಿಟ್ಟು ಅದರ ಎದುರಿಗೆ ನೆಲದ ಮೇಲೆ ಕೂರುತ್ತೀರಿ, ಮುಖಕ್ಕೆ ಮುಖ ಸಿಗುವಂತೆ. ಮಗು ತಳ್ಳಿದಾಗ ‘ಹೋಯ್ತು’ ಎನ್ನುತ್ತೀರಿ. ಮತ್ತೆ ತಳ್ಳಿದಾಗ ಮತ್ತೆ ‘ಹೋಯ್ತು’. ಗಾಡಿ ನಿಮ್ಮ ಕೈಗೆ ಬಂದಾಗ ಅದನ್ನು ಹಿಡಿದುಕೊಂಡು, ಮಗುವಿನ ಮುಖ ನೋಡುತ್ತ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೀರಿ. ಬಾಯಿ ಬಿಡುವುದಿಲ್ಲ. ಇದು ಹೇಳಿದಷ್ಟು ಸುಲಭವಲ್ಲ, ಮೂರಕ್ಕೇ ಮಾತು ತುಟಿಗೆ ಬಂದಿರುತ್ತದೆ. ಮಗು ನಿಮ್ಮತ್ತ ನೋಡಿ ‘ಓತು’ ಎಂದರೆ ಅದು ಪದವೇ. ತಿದ್ದಬೇಕಾಗಿಲ್ಲ. ‘ಹೋಯ್ತು! ಗಾಡಿ ಹೋಯ್ತು!’ ಎಂದು ಒಂದು ಪದ ಸೇರಿಸಿ ಗಾಡಿ ಬಿಡುತ್ತೀರಿ. ಸ್ನಾನ, ಬಟ್ಟೆ ಹಾಕುವುದು, ಮೆಟ್ಟಿಲು ಹತ್ತುವುದು, ಎಲ್ಲದರಲ್ಲೂ ಇದೇ ಕ್ರಮ.

ಕೆನಡಾದ ಹ್ಯಾನೆನ್ ಸೆಂಟರ್ 1970ರ ದಶಕದಿಂದ ಈ ಬಗೆಯ ತರಬೇತಿಯನ್ನು ಬೆಳೆಸುತ್ತ ಬಂದಿದೆ. ಇದರ ಬೆನ್ನಿಗೆ ಸಂಶೋಧನೆಯೂ ಇದೆ. 2011ರಲ್ಲಿ ಮೇಗನ್ ರಾಬರ್ಟ್ಸ್ ಮತ್ತು ಆ್ಯನ್ ಕೈಸರ್ 18 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ತರಬೇತಿ ಪಡೆದ ಅಪ್ಪ-ಅಮ್ಮಂದಿರು ಮಾಡಿದ ಕೆಲಸದಿಂದ ಮಕ್ಕಳ ಮಾತು ನಿಜಕ್ಕೂ ಸುಧಾರಿಸಿತ್ತು. ಅದಕ್ಕೂ ಮೊದಲು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗುವ ಕಾಕ್ರೇನ್ ಸಂಸ್ಥೆಯ 2003ರ ವಿಮರ್ಶೆಯಲ್ಲಿ ಥೆರಪಿಸ್ಟ್ ತಾವೇ ಕೊಟ್ಟ ಥೆರಪಿಗೂ ತರಬೇತಾದ ಪೋಷಕರು ಕೊಟ್ಟದ್ದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿರಲಿಲ್ಲ.

ಖರ್ಚಿನ ದೃಷ್ಟಿಯಿಂದಲೂ ಇದು ಹಗುರ, ಯಾಕೆಂದರೆ ಸೆಷನ್‌ಗಳು ಕಡಿಮೆ. ಆದರೆ ನಿಮ್ಮ ಸಮಯ, ತಾಳ್ಮೆ ಎರಡೂ ಬೇಕು. ಇಬ್ಬರೂ ರಾತ್ರಿಯವರೆಗೆ ದುಡಿಯುವ, ಮನಸ್ಸು ಈಗಾಗಲೇ ಸೋತಿರುವ ಮನೆಯಲ್ಲಿ ಇದೊಂದನ್ನೇ ನೆಚ್ಚಿಕೊಂಡರೆ ಕೆಲಸ ನಿಂತುಹೋಗಬಹುದು. ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ನಿಮಗೆ ಕಲಿಸುತ್ತಾರೆ ಎಂದರೆ ಮಗುವಿನ ಮಾತು ತಡವಾದದ್ದು ನಿಮ್ಮಿಂದ ಎಂದು ಅರ್ಥವಲ್ಲ. ಬೇರೆ ಮಕ್ಕಳಿಗೆ ಸಾಕಾಗುವ ಮಾತು ಈ ಮಗುವಿಗೆ ಸಾಲುತ್ತಿಲ್ಲ, ಇನ್ನೂ ನಿಧಾನವಾಗಿ, ಇನ್ನೂ ಸ್ಪಷ್ಟವಾಗಿ ಬೇಕಾಗಿದೆ, ಅಷ್ಟೇ.

ಒಬ್ಬರಿಗೆ ಒಬ್ಬರು ಕೂತು ಮಾಡುವ ಥೆರಪಿ

ಉಚ್ಚಾರದ ತೊಂದರೆಗೆ ಇದು ಬೇಕೇ ಬೇಕು. ಯಾವ ದನಿ ತಪ್ಪುತ್ತಿದೆ, ಯಾವುದನ್ನು ಮೊದಲು ಹಿಡಿಯಬೇಕು ಎನ್ನುವುದು ತರಬೇತಾದ ಕಿವಿಯ ಕೆಲಸ. ಅದರಲ್ಲೂ ಅಪ್ರಾಕ್ಸಿಯಾ ಎಂಬ ತೊಂದರೆಯಲ್ಲಿ ಮಗುವಿಗೆ ಏನು ಹೇಳಬೇಕೆಂದು ಗೊತ್ತು, ಸ್ನಾಯುಗಳೂ ಗಟ್ಟಿ ಇವೆ, ಆದರೆ ನಾಲಿಗೆ-ತುಟಿಗಳನ್ನು ಯಾವ ಕ್ರಮದಲ್ಲಿ ಆಡಿಸಬೇಕು ಎಂಬುದನ್ನು ಮಿದುಳು ಹೊಂದಿಸಲಾರದು. ಒಂದೇ ಪದ ಒಂದೊಂದು ಸಲ ಒಂದೊಂದು ಥರ ಬರುತ್ತದೆ. ಇದಕ್ಕೆ ವಾರಕ್ಕೆ ಮೂರರಿಂದ ಐದು ಸೆಷನ್ ಬೇಕಾಗಬಹುದು. ದೊಡ್ಡ ಖರ್ಚು ಮಾಡಲೇಬೇಕಾದ ಜಾಗ ಇದು. ಆದರೆ ಎರಡು ವರ್ಷದ, ಪದಗಳೇ ಇಲ್ಲದ ಮಗುವಿಗೆ ಮೊದಲ ದಿನವೇ ‘ಅಪ್ರಾಕ್ಸಿಯಾ’ ಎಂದು ಹೆಸರು ಹಚ್ಚಿದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಮಗು ಒಂದಿಷ್ಟು ಮಾತಾಡದೆ ಅದನ್ನು ಖಚಿತಪಡಿಸುವುದು ಕಷ್ಟ.

ಉಗ್ಗಿನ ಕತೆಯೇ ಬೇರೆ. ಅದು ಹೆಚ್ಚಾಗಿ ಎರಡರಿಂದ ಐದು ವರ್ಷದೊಳಗೆ ಶುರುವಾಗುತ್ತದೆ, ಬಹಳ ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ಮನೆಯಲ್ಲಿ ಬೇರೆ ಯಾರಿಗಾದರೂ ದೊಡ್ಡವರಾದ ಮೇಲೂ ಉಗ್ಗು ಉಳಿದಿದ್ದರೆ, ಶುರುವಾಗಿ ಆರು ತಿಂಗಳ ಮೇಲಾಗಿದ್ದರೆ, ಮಗು ಮಾತಾಡುವಾಗ ಮುಖ ಬಿಗಿದುಕೊಂಡರೆ ಕಾಯಬೇಡಿ. ಆಸ್ಟ್ರೇಲಿಯಾದಲ್ಲಿ ಬೆಳೆದ ಲಿಡ್‌ಕೋಂಬ್ ಕ್ರಮದಲ್ಲಿ ವಾರಕ್ಕೊಮ್ಮೆ ಥೆರಪಿಸ್ಟ್ ಹತ್ತಿರ ಹೋಗುತ್ತೀರಿ, ದಿನದಿನದ ಅಭ್ಯಾಸ ಮನೆಯಲ್ಲಿ ನೀವೇ ಮಾಡಿಸುತ್ತೀರಿ.

ಕ್ಲಿನಿಕ್ ಆರಿಸುವಾಗ ನಾನು ನೋಡುವುದು ಬಾಗಿಲನ್ನು. ಮಗುವನ್ನು ಒಳಗೆ ಕಳಿಸಿ, ನೀವು ಹೊರಗೆ ಬೆಂಚಿನ ಮೇಲೆ ಕೂತು, ಕೊನೆಗೆ ‘ಇವತ್ತು ಚೆನ್ನಾಗಿ ಮಾಡಿದ’ ಎಂಬ ಒಂದು ಮಾತು ಕೇಳಿಸಿಕೊಂಡು ಮನೆಗೆ ಬರುವುದಾದರೆ ಆ ಸೆಷನ್ ಅಲ್ಲಿಗೇ ಮುಗಿಯಿತು. ಕೆಲವು ಮಕ್ಕಳು ಅಮ್ಮ ಎದುರಿಗಿದ್ದರೆ ಕೆಲಸಕ್ಕೆ ಕೂರುವುದಿಲ್ಲ, ನಿಜ. ಹಾಗಿದ್ದರೆ ಕಿಟಕಿಯಿಂದಲೋ ವಿಡಿಯೋದಲ್ಲೋ ನೋಡುವ ಏರ್ಪಾಡು, ಕೊನೆಯ ಹತ್ತು ನಿಮಿಷ ನಿಮ್ಮ ಕೈಯಲ್ಲೇ ಮಾಡಿಸಿ ತೋರಿಸುವುದು ಸಾಧ್ಯವಾ ಎಂದು ಕೇಳಿ.

ಆನ್‌ಲೈನ್

ಎರಡು ವರ್ಷದ ಮಗುವನ್ನು ಅರ್ಧ ಗಂಟೆ ಪರದೆಯ ಮುಂದೆ ಕೂರಿಸುವುದೇ ಆನ್‌ಲೈನ್ ಥೆರಪಿ ಎಂದಾದರೆ ಬೇಡ. ಅದೇ, ಫೋನನ್ನು ಮೂಲೆಯಲ್ಲಿಟ್ಟು ನೀವು ಆಡುತ್ತಿರುವಾಗ ಥೆರಪಿಸ್ಟ್ ಕಿವಿಯಲ್ಲಿ ‘ಈಗ ಕಾಯಿರಿ, ಈಗ ಹೇಳಿ’ ಎನ್ನುತ್ತಿದ್ದರೆ ಬಹಳ ಒಳ್ಳೆಯದು. ನಿಮ್ಮ ಮನೆ, ನಿಮ್ಮ ಆಟಿಕೆ, ಮಗು ದಿನವೂ ಇರುವ ರೀತಿ ಅವರಿಗೆ ಕಾಣುತ್ತದೆ. ಕ್ಲಿನಿಕ್ಕಿನಲ್ಲಿ ಅದು ಸಿಗುವುದಿಲ್ಲ. ಲಿಡ್‌ಕೋಂಬ್ ಕ್ರಮವನ್ನು ವೆಬ್‌ಕ್ಯಾಮ್ ಮೂಲಕ ಕೊಟ್ಟು ಕ್ಲಿನಿಕ್ ಜೊತೆ ಹೋಲಿಸಿದ 2016ರ ಅಧ್ಯಯನದಲ್ಲಿ ಫಲಿತಾಂಶ ಹೆಚ್ಚುಕಡಿಮೆ ಒಂದೇ ಆಗಿತ್ತು. ಹತ್ತಿರದಲ್ಲಿ ಯಾರೂ ಇಲ್ಲದವರಿಗೆ, ಮನೆಮಾತು ಬಲ್ಲ ಥೆರಪಿಸ್ಟ್ ದೂರದಲ್ಲಿರುವವರಿಗೆ ಇದೇ ಸರಿ. ಬಾಯಿ ಒಳಗೆ ನೋಡಬೇಕಾದಾಗ, ನುಂಗುವ ತೊಂದರೆ ಇದ್ದಾಗ, ಮುಖ ಮುಟ್ಟಿ ದನಿ ಕಲಿಸಬೇಕಾದಾಗ ಎದುರಿಗೇ ಹೋಗಬೇಕು.

ಪ್ಲೇಸ್ಕೂಲ್, ದೊಡ್ಡ ಸೆಂಟರ್, ಆ್ಯಪ್

ಸರಿಯಾಗಿ ಮಾತಾಡುವ ಮಕ್ಕಳ ಸಂಗ ಒಳ್ಳೆಯದೇ. ಆದರೆ ಪ್ಲೇಸ್ಕೂಲ್ ಎಂದರೆ ಕಲಿತದ್ದನ್ನು ಬಳಸುವ ಜಾಗ, ಥೆರಪಿಗೆ ಬದಲಿಯಾಗಲಾರದು. ಗಲಾಟೆಯ ಕೋಣೆಯಲ್ಲಿ ಹೇಳಿದ್ದು ಅರ್ಥವಾಗದ ಮಗು ಪಕ್ಕದವರನ್ನು ನೋಡಿ ಎದ್ದು, ಪಕ್ಕದವರನ್ನು ನೋಡಿ ಕೂತು ದಿನ ಕಳೆಯಬಹುದು. ಟೀಚರಿಗೆ ತೊಂದರೆ ಕಾಣುವುದೇ ಇಲ್ಲ. ಸೇರಿಸುವುದಾದರೆ ಮಕ್ಕಳ ಸಂಖ್ಯೆ ಕಡಿಮೆ ಇರುವ, ಥೆರಪಿಸ್ಟ್ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳುವ ಟೀಚರ್ ಇರುವ ಜಾಗ ನೋಡಿ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್ ಇರುವ ಮಗುವಿಗೆ ಎಲ್ಲ ತಜ್ಞರೂ ಒಂದೇ ಕಡೆ ಸಿಗುವ ಸೆಂಟರ್ ನಿಜವಾದ ಅನುಕೂಲ. ಆದರೆ ಅವರು ಒಬ್ಬರ ಜೊತೆ ಒಬ್ಬರು ಮಾತಾಡುತ್ತಾರಾ, ಗುರಿಗಳನ್ನು ಒಟ್ಟಿಗೆ ಕೂತು ಬರೆಯುತ್ತಾರಾ ಎಂದು ಕೇಳಿ. ಮಾತು ಮಾತ್ರ ತಡವಾದ ಮಗುವಿಗೆ ಪೂರ್ತಿ ಪ್ಯಾಕೇಜ್ ಬೇಕಾಗಿಲ್ಲ.

ಆ್ಯಪ್‌ಗಳ ಮೇಲೆ ಭರವಸೆ ಇಡಬೇಡಿ. ಒಂದು ವರ್ಷದ ಮಗುವಿಗೆ ಪರದೆಯೇ ಬೇಡ, ಎರಡು ವರ್ಷದ ನಂತರವೂ ದಿನಕ್ಕೆ ಒಂದು ಗಂಟೆ ದಾಟದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಚಿತ್ರ ಮುಟ್ಟಿದರೆ ಮಾತಾಡುವ ಸಾಧನಗಳು, ಚಿತ್ರದ ಕಾರ್ಡುಗಳು ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಮಾತು ಬಾರದ ಮಗುವಿಗೆ ಅವು ದನಿ. ‘ಅದಕ್ಕೆ ಅಂಟಿಕೊಂಡರೆ ಬಾಯಿ ಬಿಡೋದೇ ಇಲ್ಲ’ ಎಂಬ ಭಯ ಬೇಡ. 2006ರ ಒಂದು ವಿಮರ್ಶೆಯಲ್ಲಿ ಪರಿಶೀಲಿಸಿದವರಲ್ಲಿ ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ, ಬಹುಪಾಲು ಜನರದ್ದು ಹೆಚ್ಚಿತ್ತು.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ

ಒಂದು ಪೂರ್ತಿ ಅಸೆಸ್‌ಮೆಂಟ್, ಆಮೇಲೆ ನಿಮಗೆ ಕಲಿಸುವ ನಾಲ್ಕೈದು ಸೆಷನ್, ಆಮೇಲೆ ತಿಂಗಳಿಗೊಮ್ಮೆ ಭೇಟಿ. ಹೀಗೆ ಮಾಡಿಕೊಡುತ್ತೀರಾ ಎಂದು ನೇರವಾಗಿ ಕೇಳಿ. ಒಪ್ಪುವವರು ಇದ್ದಾರೆ. ಸ್ಪೀಚ್ ಥೆರಪಿ ಓದಿಸುವ ಕಾಲೇಜುಗಳ ಕ್ಲಿನಿಕ್‌ಗಳಲ್ಲಿ ವಿದ್ಯಾರ್ಥಿಗಳು ಹಿರಿಯರ ಕಣ್ಣೆದುರು ಥೆರಪಿ ಕೊಡುತ್ತಾರೆ. ಖರ್ಚು ಸಾಮಾನ್ಯವಾಗಿ ಕಡಿಮೆ, ತಯಾರಿ ಚೆನ್ನಾಗಿರುತ್ತದೆ. ಆಗಾಗ ಥೆರಪಿಸ್ಟ್ ಬದಲಾಗುವುದೊಂದು ತೊಡಕು. ಹೊಸಬರಿಗೆ ಹೊಂದಿಕೊಳ್ಳಲು ವಾರಗಟ್ಟಲೆ ಹಿಡಿಯುವ ಮಗುವಾದರೆ ಯೋಚಿಸಿ. ದುಡ್ಡಿದೆ, ಸಮಯ ಇಲ್ಲ ಎನ್ನುವವರು ಥೆರಪಿಸ್ಟನ್ನು ಮನೆಗೇ ಕರೆಸಿ, ಹಗಲು ಮಗುವನ್ನು ನೋಡಿಕೊಳ್ಳುವವರಿಗೆ ಕಲಿಸಲು ಹೇಳಿ.

ಖರ್ಚು ಮಾಡಬಾರದ್ದೂ ಇವೆ. ಸೀಟಿ ಊದಿಸುವುದು, ನಾಲಿಗೆಗೆ ಕಸರತ್ತು ಮಾಡಿಸುವುದರಿಂದ ಉಚ್ಚಾರ ಸರಿಹೋಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ನಾಲಿಗೆಯ ಕೆಳಗಿನ ಪಟ್ಟಿ ಕತ್ತರಿಸಿದರೆ ಮಾತು ಬರುತ್ತದೆ ಎಂದರೆ ನಂಬಬೇಡಿ. ಪದಗಳೇ ಬಾರದಿರುವುದಕ್ಕೆ ಅದು ಕಾರಣವಾಗುವುದಿಲ್ಲ. ಮಗುವಿನ ಕೈ ಹಿಡಿದು ಅಕ್ಷರ ಒತ್ತಿಸಿ ‘ಇದು ಮಗುವೇ ಹೇಳಿದ್ದು’ ಎನ್ನುವ ವಿಧಾನವನ್ನು ಬಳಸಬೇಡಿ ಎಂದು ಅಮೆರಿಕದ ಸ್ಪೀಚ್ ಥೆರಪಿಸ್ಟರ ಸಂಘ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ‘ಮನೆಯಲ್ಲಿ ಒಂದೇ ಭಾಷೆ ಮಾತಾಡಿ’ ಎನ್ನುವ ಸಲಹೆಯನ್ನೂ ಬಿಡಿ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ಪದ ಎಣಿಸುವಾಗ ಎರಡೂ ಭಾಷೆಯವನ್ನು ಸೇರಿಸಿ ಎಣಿಸಿ.

ಮೊದಲ ಫೋನಿನಲ್ಲಿ ಇಷ್ಟು ಕೇಳಿದರೆ ಸಾಕು: ನಿಮ್ಮ ಓದು ಏನು, ನೋಂದಣಿ ಇದೆಯಾ? ಇಂಥ ತೊಂದರೆಯ, ಇಷ್ಟು ಚಿಕ್ಕ ಮಕ್ಕಳನ್ನು ನೋಡಿದ್ದೀರಾ? ಸೆಷನ್‌ನಲ್ಲಿ ನಾನು ಕೂರಬಹುದಾ? ಮೂರು ತಿಂಗಳಲ್ಲಿ ಏನು ಬದಲಾಗಬೇಕು ಎಂದು ಬರೆದು ಕೊಡುತ್ತೀರಾ? ‘ಆರು ತಿಂಗಳಲ್ಲಿ ಗ್ಯಾರಂಟಿ ಮಾತಾಡ್ತಾನೆ’ ಎಂಬ ಉತ್ತರ ಬಂದರೆ ಮುಂದಿನ ನಂಬರಿಗೆ ಹೋಗಿ. ಮೂರು ತಿಂಗಳಾದ ಮೇಲೆ ಆ ಗುರಿಗಳನ್ನು ಎದುರಿಗಿಟ್ಟುಕೊಂಡು ಥೆರಪಿಸ್ಟ್ ಜೊತೆ ಕೂತು ನೋಡಿ. ಏನೂ ಕದಲಿಲ್ಲವೆಂದರೆ ವಿಧಾನವನ್ನು ಬದಲಿಸಲು ಕೇಳಿ. ಆಮೇಲೂ ಕದಲದಿದ್ದರೆ ಸಂಕೋಚ ಬಿಟ್ಟು ಬೇರೆ ಕಡೆ ಹೋಗಿ. ಹೋಗುವಾಗ ಅಸೆಸ್‌ಮೆಂಟ್ ವರದಿ, ಕಿವಿ ಪರೀಕ್ಷೆಯ ವರದಿ, ಸೆಷನ್ ಟಿಪ್ಪಣಿಗಳ ಪ್ರತಿ ಪಡೆದುಕೊಳ್ಳಿ. ಹೊಸ ಥೆರಪಿಸ್ಟ್ ಎಲ್ಲವನ್ನೂ ಮೊದಲಿಂದ ಶುರು ಮಾಡಬೇಕಾಗುವುದಿಲ್ಲ.